ಪ್ರಿಯ ಆಬ್ಜೆಕ್ಟ್ ಆಬ್ಜೆಕ್ಟ್ ಅವರಿಗೆ

ಹೋದ ವರ್ಷ ಒಂದು ಶನಿವಾರ ಬೆಳಗ್ಗೆ ಅಮ್ಮ ಕನ್ನಡಕ ಹಣೆ ಮೇಲೆ ಏರಿಸಿಕೊಂಡು ಬಂದು ಫೋನನ್ನು ನನ್ನ ಮೂಗಿನ ಮುಂದೆ ಹಿಡಿದಳು. “ನೋಡೇ, ಯಾರೋ ಆಬ್ಜೆಕ್ಷನ್ ಹಾಕಿದಾರೆ.”

ಮೆಸೇಜು ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತಂದರೆ ಇಷ್ಟೇ: “ಪ್ರಿಯ [ಆಬ್ಜೆಕ್ಟ್ ಆಬ್ಜೆಕ್ಟ್], ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.”

ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರು ಎಷ್ಟೋ ವರ್ಷ ಕಟ್ಟಿದ್ದ ಒಂದು ಪಾಲಿಸಿಗೆ ಅಮ್ಮ ನಾಮಿನಿ. ಆ ದುಡ್ಡಿಗೆ ಅರ್ಜಿ ಹಾಕಿದ್ವಿ. ಯಾವ ಸಂಸ್ಥೆ ಅನ್ನೋದು ಇಲ್ಲಿ ಮುಖ್ಯ ಅಲ್ಲ, ಈ ಮೆಸೇಜು ಯಾರಿಂದ ಬೇಕಾದ್ರೂ ಬರಬಹುದಿತ್ತು. ಅಮ್ಮನಿಗೆ ಇಂಗ್ಲಿಷ್ ಕೂಡಿಸಿಕೊಂಡು ಓದೋಕೆ ಬರುತ್ತೆ. ಆಬ್ಜೆಕ್ಟ್ ಅಂತ ಎರಡು ಸಲ ಬರೆದಿದೆ, ಅದೂ ಕಂಸದೊಳಗೆ. ಖಾತೆ, ಪಹಣಿ ಅಂತ ಅಲೆದ ಮನೆಯವರಿಗೆ ಆ ಪದ ಚೆನ್ನಾಗಿ ಗೊತ್ತು. ಒಂದು ಸಲ ಆಬ್ಜೆಕ್ಷನ್ ಬಿತ್ತು ಅಂದ್ರೆ ಫೈಲು ಮೇಲೇಳೋದು ಯಾವ ಕಾಲಕ್ಕೋ. ಇಲ್ಲಿ ಎರಡು ಸಲ ಬಿದ್ದಿದೆ.

ಆಮೇಲೆ ಗೊತ್ತಾಯ್ತು, ಮೆಸೇಜು ಬಂದಿದ್ದು ಗುರುವಾರ. ನನಗೆ ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ಹೇಳದೆ, ಶುಕ್ರವಾರ ಒಬ್ಬಳೇ ಮಾರುತಿ ಮಂದಿರದ ಸ್ಟಾಪಿನಲ್ಲಿ ಬಸ್ ಹತ್ತಿ ಹೋಗಿ ಮಧ್ಯಾಹ್ನದವರೆಗೂ ಕೂತು ಬಂದಿದ್ದಳು. ಕೌಂಟರಿನ ಹುಡುಗ “ಅದು ಸಿಸ್ಟಮ್ ಮೆಸೇಜ್ ಅಮ್ಮ, ಅದಕ್ಕೆ ಅರ್ಥ ಏನೂ ಇಲ್ಲ” ಅಂದನಂತೆ. ಅರ್ಥ ಇಲ್ಲದ ಮೇಲೆ ಯಾಕೆ ಕಳಿಸ್ತಾರೆ? ಅಮ್ಮ ನಂಬಲಿಲ್ಲ. ಮನೆಗೆ ಬಂದು ನಮ್ಮ ಚಿಕ್ಕಪ್ಪನಿಗೆ ಫೋನ್ ಮಾಡಿ “ನೀವೇನಾದ್ರೂ ಆಬ್ಜೆಕ್ಷನ್ ಹಾಕಿದ್ರಾ?” ಅಂತ ಕೇಳಿಬಿಟ್ಟಿದ್ದಳು.

ಚಿಕ್ಕಪ್ಪ ಮೂರು ತಿಂಗಳು ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಅಪ್ಪನ ವರ್ಷಾಬ್ದಿಕಕ್ಕೆ ನಾನೇ ಹೋಗಿ ಕೈ ಹಿಡಿದು ಕರೆದುಕೊಂಡು ಬರಬೇಕಾಯ್ತು.

ನಾನು ಇದೇ ಕಸುಬಿನವಳು. ಹನ್ನೊಂದು ವರ್ಷದಿಂದ ಕೋಡ್ ಬರೆದು ಬಾಡಿಗೆ, ಇಎಮ್‌ಐ ಎಲ್ಲ ಕಟ್ತಿದೀನಿ. ಆ ಎರಡು ಪದ ಎಲ್ಲಿಂದ ಬಂತು ಅಂತ ನೋಡಿದ ಕೂಡಲೇ ಗೊತ್ತಾಯ್ತು. ಈ ಕಸುಬಿನಲ್ಲಿಲ್ಲದವರಿಗೆ ಎರಡು ಮಾತು. ಪ್ರೋಗ್ರಾಮಿನ ಒಳಗೆ ಒಬ್ಬ ಗ್ರಾಹಕಿ ಅಂದ್ರೆ ಬರೀ ಹೆಸರಲ್ಲ. ಹೆಸರು, ಮೊಬೈಲು, ಹುಟ್ಟಿದ ದಿನ, ಪಾಲಿಸಿ ನಂಬರು ಎಲ್ಲಾ ಕಟ್ಟಿದ ಒಂದು ಗಂಟು. ಆ ಗಂಟಿಗೆ ಆಬ್ಜೆಕ್ಟ್ ಅಂತಾರೆ. ಗಂಟನ್ನು ಒಂದು ವಾಕ್ಯದೊಳಗೆ ಕೂರಿಸಬೇಕು ಅಂದ್ರೆ ಅದನ್ನು ಅಕ್ಷರಗಳ ಸಾಲಾಗಿ ಮಾಡಬೇಕು. ಆ ಸಾಲಿಗೆ ಸ್ಟ್ರಿಂಗ್ ಅಂತ ಹೆಸರು. ಹೇಗೆ ಮಾಡಬೇಕು ಅಂತ ನೀವು ಹೇಳಿಕೊಡದೇ ಇದ್ರೆ ಜಾವಾಸ್ಕ್ರಿಪ್ಟ್ ತನಗೆ ಗೊತ್ತಿರೋ ಒಂದೇ ಮಾತನ್ನು ಬರೆಯುತ್ತೆ: [ಆಬ್ಜೆಕ್ಟ್ ಆಬ್ಜೆಕ್ಟ್]. ಆ ಪುಣ್ಯಾತ್ಮ ಗ್ರಾಹಕಿಯ ಹೆಸರು ಅಂತ ಬರೆಯೋ ಬದಲು ಗ್ರಾಹಕಿ ಅಂತ ಬರೆದು ಬಿಟ್ಟಿದಾನೆ. ಒಂದು ಚುಕ್ಕಿ, ಒಂದು ಪದ ಕಮ್ಮಿ.

ಇದನ್ನು ಬಗ್ ಅಂತ ಕರೆದು, ಜಿರಾ ಟಿಕೆಟ್ ಹಾಕಿ, ಮುಗಿಸಬಹುದು. ನಾನು ಮುಗಿಸೋದಿಲ್ಲ. ಯಾಕಂದ್ರೆ ಹನ್ನೊಂದು ವರ್ಷದಲ್ಲಿ ನಾನು ಕಂಡಿರೋ ಪ್ರತಿ ಟೀಮಿನಲ್ಲೂ ವಸ್ತುವನ್ನು ಪಠ್ಯವಾಗಿ ಮಾಡೋ ಕೆಲಸ ಅಂದ್ರೆ ಕೊನೆಯ ಐದು ನಿಮಿಷದ ಕೆಲಸ. ಹೊಸದಾಗಿ ಸೇರಿದವರಿಗೆ ಕೊಡೋ ಕೆಲಸ. ಐಡಿಇ ತಾನಾಗೇ ಬರೆದುಕೊಡೋ ಕೆಲಸ. “ಅದು ಬರೀ ಡಿಸ್‌ಪ್ಲೇ ಇಶ್ಯೂ” ಅನ್ನೋ ಮಾತನ್ನು ಎಷ್ಟು ಮೀಟಿಂಗಿನಲ್ಲಿ ಕೇಳಿದೀನೋ ಲೆಕ್ಕ ಇಲ್ಲ. ಎಷ್ಟು ಸಲ ನಾನೇ ಹೇಳಿದೀನಿ ಅನ್ನೋದಕ್ಕೂ ಲೆಕ್ಕ ಇಲ್ಲ.

ನನ್ನ ವಾದ ಇಷ್ಟು. ಸ್ಟ್ರಿಂಗ್ ಅಂದ್ರೆ ವಸ್ತುವಿನ ಬಗ್ಗೆ ಯಾರೋ ಒಬ್ಬರಿಗೆ ಹೇಳೋ ಮಾತು. ಯಾರಿಗೆ ಅಂತ ಯೋಚಿಸದೆ ಅದನ್ನು ಬರೆಯೋಕಾಗಲ್ಲ. ಯೋಚಿಸದೆ ಬರೆದಾಗ ಅದರ ಬಿಲ್ಲು ಬರೆದವನಿಗೆ ಬರಲ್ಲ, ಕ್ಯೂನಲ್ಲಿ ನಿಂತವರಿಗೆ ಬರುತ್ತೆ. ಈ ಕೆಲಸದಲ್ಲಿ ನಾವು ಮಾಡೋ ತಪ್ಪು ಮೂರು ಥರ.

ಮೊದಲನೆಯದು, ಏನೂ ಹೇಳದೇ ಬಿಡೋದು. ಅಮ್ಮನ ಮೆಸೇಜು ಈ ಜಾತಿಯದು. ಬೇರೆ ಭಾಷೆಗಳೂ ಇದರಲ್ಲಿ ಸಾಚಾ ಅಲ್ಲ. ಜಾವಾದಲ್ಲಿ ಪ್ರತಿ ಆಬ್ಜೆಕ್ಟಿಗೂ ಟೂಸ್ಟ್ರಿಂಗ್ ಅನ್ನೋ ಮೆಥಡ್ ಹುಟ್ಟಿನಿಂದಲೇ ಬಂದಿರುತ್ತೆ. ಅದನ್ನು ನಾವು ತಿದ್ದಿ ಬರೆಯದೇ ಇದ್ರೆ ಕ್ಲಾಸಿನ ಹೆಸರು, ಒಂದು ಅಟ್ ಚಿಹ್ನೆ, ಅದರ ಮುಂದೆ ಹ್ಯಾಶ್ ಕೋಡ್ ಅನ್ನೋ ಹದಿನಾರರ ಲೆಕ್ಕದ ಒಂದು ಸಂಖ್ಯೆ ಬರುತ್ತೆ. ಪೈಥಾನ್ ಆದ್ರೆ ಇಂಥ ಕ್ಲಾಸಿನ ಆಬ್ಜೆಕ್ಟ್ ಇಂಥ ವಿಳಾಸದಲ್ಲಿದೆ ಅಂತ ಮೆಮೊರಿಯ ಅಡ್ರೆಸ್ ಕೊಡುತ್ತೆ. ಪ್ರತಿ ಕ್ಲಾಸಿನವರೂ ಟೂಸ್ಟ್ರಿಂಗನ್ನು ತಾವೇ ಬರೆಯೋದು ಒಳ್ಳೇದು ಅಂತ ಜಾವಾದ ಅಧಿಕೃತ ದಾಖಲೆಯಲ್ಲೇ ಇದೆ. ಭಾಷೆ ಮಾಡಿದವರು ಇದು ಖಾಲಿ ಜಾಗ, ನೀವು ತುಂಬಿ ಅಂತ ಬಿಟ್ಟಿದ್ದು. ನಾವು ಖಾಲಿ ಜಾಗವನ್ನೇ ಅಂಚೆಗೆ ಹಾಕಿದ್ವಿ.

ಎರಡನೆಯದು, ಎಲ್ಲಾ ಒದರೋದು. ಮೊದಲನೇ ತಪ್ಪಿಗೆ ಬೈಸಿಕೊಂಡವರು ಎರಡನೆಯದಕ್ಕೆ ಬೀಳ್ತಾರೆ. ಜಾವಾ ಪ್ರಪಂಚದಲ್ಲಿ ಲೊಂಬೊಕ್ ಅನ್ನೋ ಲೈಬ್ರರಿ ಇದೆ. ಕ್ಲಾಸಿನ ನೆತ್ತಿ ಮೇಲೆ ಒಂದು ಸಾಲು ಅಂಟಿಸಿದರೆ ಒಳಗಿರೋ ಫೀಲ್ಡುಗಳನ್ನೆಲ್ಲಾ ಸಾಲಾಗಿ ಹೇಳೋ ಟೂಸ್ಟ್ರಿಂಗ್ ತಾನಾಗೇ ತಯಾರು. 2021ರಲ್ಲಿ ಬಂದ ಜಾವಾ 16ರಿಂದ ಭಾಷೆಯಲ್ಲೇ ಇರೋ ರೆಕಾರ್ಡ್‌ಗಳೂ ಇದೇ ಕೆಲಸ ಮಾಡುತ್ವೆ. ತುಂಬಾ ಅನುಕೂಲ. ಆದ್ರೆ ಎಲ್ಲಾ ಅಂದ್ರೆ ಎಲ್ಲಾ. ಪಾಸ್‌ವರ್ಡು, ಒಟಿಪಿ, ಹುಟ್ಟಿದ ದಿನ, ಬ್ಯಾಂಕ್ ಖಾತೆ ನಂಬರು. ಯಾರೋ ಒಬ್ಬ ರಾತ್ರಿ ಹನ್ನೊಂದಕ್ಕೆ ಡೀಬಗ್ ಮಾಡೋಕೆ ಅಂತ ಆಬ್ಜೆಕ್ಟನ್ನು ಲಾಗಿಗೆ ಬಿಸಾಡ್ತಾನೆ. ಆ ಲಾಗು ಇನ್ನೊಂದು ಸರ್ವರಿಗೆ ಹೋಗುತ್ತೆ, ಅಲ್ಲಿಂದ ಇನ್ನೊಂದು ವೆಂಡರಿಗೆ ಹೋಗುತ್ತೆ. ಅಮ್ಮನ ಹುಟ್ಟಿದ ದಿನ ನನಗೇ ಸರಿಯಾಗಿ ಗೊತ್ತಿಲ್ಲ, ಯಾವುದೋ ಊರಿನ ಲಾಗ್ ಫೈಲಿಗೆ ಗೊತ್ತಿರುತ್ತೆ.

ಒಂದು ಹಿಂದಿನ ಕೆಲಸದಲ್ಲಿ ಇದಕ್ಕೆ ಇನ್ನೊಂದು ಮಜಲೂ ನೋಡಿದೆ. ಹೀಗೆ ಒದರಿದ ಲಾಗಿನ ಸಾಲನ್ನು ಪಕ್ಕದ ಟೀಮಿನವರು ರೆಜೆಕ್ಸ್ ಹಾಕಿ ಬಗೆದು, ಅದರಿಂದ ಮೊತ್ತ ತೆಗೆದು, ದಿನದ ವರದಿ ಮಾಡ್ತಿದ್ರು. ನಮಗೆ ಗೊತ್ತಿರಲಿಲ್ಲ. ನಾವು ಒಂದು ಹೊಸ ಫೀಲ್ಡು ಸೇರಿಸಿದ ದಿನ ಅವರ ವರದಿಯಲ್ಲಿ ರಿಯಾಯಿತಿ ಇರಬೇಕಾದ ಕಡೆ ಪಿನ್‌ಕೋಡ್ ಕೂತಿತ್ತು. 5,60,040 ರೂಪಾಯಿ ರಿಯಾಯಿತಿ! ವಿಜಯನಗರದಲ್ಲಿರೋ ಪ್ರತಿ ಗ್ರಾಹಕರಿಗೂ! ಆ ದಿನ ನಕ್ಕಿದ್ವಿ. ಯಾರೋ ಒಬ್ಬರು ಗಮನಿಸಿದ್ರು ಅಂತ ನಕ್ಕಿದ್ವಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ತಪ್ಪು. ಹೇಳಿದ ಮಾತನ್ನೇ ವಸ್ತು ಅಂತ ನಂಬಿ ಕೂರೋದು.

ನಮ್ಮ ಮನೆ ಇರೋದು ವಿಜಯನಗರದ ಹಂಪಿನಗರದಲ್ಲಿ. ಹಂಪಿ ಇರೋದೂ ವಿಜಯನಗರದಲ್ಲೇ, ಅಂದ್ರೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಹೊಸಪೇಟೆ ಕೇಂದ್ರವಾದ ಜಿಲ್ಲೆಯಲ್ಲಿ. ಮೈಸೂರಿನಲ್ಲೂ ಒಂದು ವಿಜಯನಗರ ಇದೆ. ಚರಿತ್ರೆ ಪುಸ್ತಕದಲ್ಲಿರೋದು ಮತ್ತೊಂದು. ಅಕ್ಷರ ನೋಡಿದ್ರೆ ಎಲ್ಲಾ ಒಂದೇ, ಹತ್ತಿದ ಬಸ್ಸು ಮಾತ್ರ ಬೇರೆ ಬೇರೆ. ಇದರ ಉಲ್ಟಾನೂ ಇದೆ. ಹಂಪಿನಗರ ಅಂದ್ರೆ ಕೆಲವು ಆಟೋದವರು ತಲೆ ಕೆರೀತಾರೆ, ಆರ್‌ಪಿಸಿ ಲೇಔಟ್ ಅಂದ್ರೆ ಮೀಟರು ಹಾಕ್ತಾರೆ. ಜಾಗ ಒಂದು, ಹೆಸರು ಎರಡು. ಪಕ್ಕದ ಮೆಟ್ರೋ ಸ್ಟೇಷನ್ನಿನ ಬೋರ್ಡಿನಲ್ಲಿ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ನಿಲ್ದಾಣ ಅಂತ ಇದೆ, ಬಾಯಲ್ಲಿ ಎಲ್ಲರಿಗೂ ಅದು ಹೊಸಹಳ್ಳಿ. ಇದರಲ್ಲಿ ತಪ್ಪೇನೂ ಇಲ್ಲ. ಬೋರ್ಡು ಓದೋರಿಗೆ ಒಂದು ಮಾತು, ಪಕ್ಕದಲ್ಲಿ ಕೂತವರಿಗೆ ಒಂದು ಮಾತು. ಪೈಥಾನ್ ಮಾಡಿದವರು ಇದನ್ನು ಅರ್ಥ ಮಾಡಿಕೊಂಡೇ ಒಂದು ಆಬ್ಜೆಕ್ಟಿಗೆ ಎರಡು ಬಾಯಿ ಇಟ್ಟರು. ಬಳಸೋ ಮನುಷ್ಯನಿಗೆ ಹೇಳೋಕೆ ಸ್ಟ್ರ್, ಪ್ರೋಗ್ರಾಮರಿಗೆ ಅನುಮಾನ ಬರದ ಹಾಗೆ ಹೇಳೋಕೆ ರೆಪ್ರ್. ರೂಬಿಯಲ್ಲೂ ಹೀಗೇ ಎರಡಿವೆ. ನಾವು ಎರಡನ್ನೂ ಒಂದೇ ಸಾಲಿನಲ್ಲಿ ಮುಗಿಸ್ತೀವಿ, ಅಥವಾ ಎರಡನ್ನೂ ಬರೆಯೋದೇ ಇಲ್ಲ.

ಜಾಗದ ಕಥೆ ಹೀಗಾದ್ರೆ ಮನುಷ್ಯರ ಹೆಸರಿನದು ಇನ್ನೊಂದು. ಫಾರಂ ತುಂಬೋವಾಗ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಡಬ್ಬಿ ಇರುತ್ತಲ್ಲ, ಅದಕ್ಕೆ ನಮ್ಮ ದೊಡ್ಡವರನ್ನು ತುಂಬಿ ನೋಡಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮೊದಲನೆಯದು ಊರು, ಎರಡನೆಯದು ಅಪ್ಪನ ಹೆಸರು, ಕೊನೆಯದು ಅವರದು. ಕುವೆಂಪು ಅವರ ಫಸ್ಟ್ ನೇಮ್ ಒಂದು ಊರು! ಅವರ ಮಗ ಕೆ. ಪಿ. ಪೂರ್ಣಚಂದ್ರ ತೇಜಸ್ವಿ. ಲಾಸ್ಟ್ ನೇಮ್ ಹೋಲಿಸಿ ಸಂಬಂಧ ಕಂಡುಹಿಡಿಯೋ ಸಿಸ್ಟಮ್ಮಿಗೆ ಪುಟ್ಟಪ್ಪನವರೂ ತೇಜಸ್ವಿಯವರೂ ಯಾರಿಗೆ ಯಾರೋ. ಅದೇ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಅಂದ್ರೆ ಕೊನೆಯದು ನಿಜವಾಗಿಯೂ ಮನೆತನದ ಹೆಸರು. ಒಂದೇ ರಾಜ್ಯ, ಒಂದೇ ಭಾಷೆ, ಇಬ್ಬರಿಗೂ ಜ್ಞಾನಪೀಠ. ಇಬ್ಬರ ಹೆಸರಲ್ಲೂ ಎರಡೆರಡು ಸ್ಪೇಸ್ ಇದೆ. ಸ್ಪೇಸ್ ಸಿಕ್ಕ ಕಡೆ ಕತ್ತರಿಸಿ ಕೊನೇ ತುಂಡನ್ನು ಸರ್‌ನೇಮ್ ಅನ್ನೋ ಒಂದು ಸಾಲಿನ ಕೋಡು ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ಸುಳ್ಳು. ಸ್ಟ್ರಿಂಗನ್ನು ಎಷ್ಟು ದಿಟ್ಟಿಸಿದರೂ ಅದು ಯಾರಿಗೆ ಯಾವುದು ಅಂತ ಹೇಳಲ್ಲ, ಆ ತಿಳಿವಳಿಕೆ ಸ್ಟ್ರಿಂಗಿನಿಂದ ಹೊರಗಿದೆ.

ನೆಲದ ವಿಷಯಕ್ಕೆ ಬನ್ನಿ, ಅಲ್ಲಂತೂ ದುಡ್ಡೇ ಹೋಗುತ್ತೆ. ನಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರು ಕುಣಿಗಲ್ಲೋ ಮಾಗಡಿಯೋ ಬಿಟ್ಟು ಈ ಕಡೆ ಬಂದವರು, ಊರಲ್ಲಿ ಚೂರು ಜಮೀನು ಇದ್ದೇ ಇರುತ್ತೆ. ಎಕರೆ, ಗುಂಟೆಯನ್ನು ನಡುವೆ ಚುಕ್ಕಿ ಇಟ್ಟು ಬರೆಯೋ ರೂಢಿ ಇದೆ. 2.20 ಅಂದ್ರೆ ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ, ಹಾಗಾಗಿ ಅದು ಎರಡೂವರೆ ಎಕರೆ. ಇದನ್ನು ಒಬ್ಬ ಹುಡುಗ ದಶಾಂಶ ಅಂದುಕೊಂಡು ಓದಿದ್ರೆ ಹನ್ನೆರಡು ಗುಂಟೆ ಗಾಳಿಯಲ್ಲಿ ಮಾಯ. 2.38ಕ್ಕೆ 0.05 ಕೂಡಿಸಿದರೆ ಊರಿನ ಶಾನುಭೋಗರ ಲೆಕ್ಕದಲ್ಲಿ 3.03, ಎಕ್ಸೆಲ್ ಲೆಕ್ಕದಲ್ಲಿ 2.43. ಸರ್ವೆ ನಂಬರು 12/3 ಅಂತ ಸ್ಪ್ರೆಡ್‌ಶೀಟಿಗೆ ಹೊಡೆದು ನೋಡಿ. ಕಂಪ್ಯೂಟರಿನ ಸೆಟ್ಟಿಂಗ್ ಹೇಗಿದೆಯೋ ಹಾಗೆ ಅದು ಮಾರ್ಚ್ 12 ಆಗುತ್ತೆ, ಇಲ್ಲಾ ಡಿಸೆಂಬರ್ 3 ಆಗುತ್ತೆ. ಜಮೀನು ತಾರೀಖಾಯ್ತು! ಈ ಕಾಯಿಲೆ ನಮಗೆ ಮಾತ್ರ ಅಲ್ಲ. ಮನುಷ್ಯರ ಜೀನ್‌ಗಳಿಗೆ ಹೆಸರಿಡೋ ಅಂತರರಾಷ್ಟ್ರೀಯ ಸಮಿತಿಯವರು 2020ರಲ್ಲಿ ಹೊಸ ನಿಯಮ ಮಾಡಿ ಮಾರ್ಚ್, ಸೆಪ್ಟ್ ಅಂತ ಶುರುವಾಗ್ತಿದ್ದ ಜೀನ್‌ಗಳ ಹೆಸರನ್ನೇ ಬದಲಿಸಿದ್ರು, ಎಕ್ಸೆಲ್ ಅವನ್ನು ತಾರೀಖು ಮಾಡಿಬಿಡ್ತಿತ್ತು ಅಂತ. ಸಾಫ್ಟ್‌ವೇರು ಜಗ್ಗಲಿಲ್ಲ, ಜೀವಶಾಸ್ತ್ರ ಜಗ್ಗಿತು. ನಮ್ಮೂರಿನ ಸರ್ವೆ ನಂಬರಿಗೆ ಆ ಅದೃಷ್ಟವೂ ಇಲ್ಲ.

ಈಗ ಕನ್ನಡದ ಅಕ್ಷರಕ್ಕೇ ಬರೋಣ. ಅಮ್ಮನ ಹೆಸರು ಲಕ್ಷ್ಮಮ್ಮ. ಎಷ್ಟು ಅಕ್ಷರ? ಒಂದನೇ ಕ್ಲಾಸಿನ ಮಗು ಬೆರಳು ಮಡಚಿ ಹೇಳುತ್ತೆ: ಲ, ಕ್ಷ್ಮ, ಮ್ಮ. ಮೂರು. ಪೈಥಾನ್ ಕೇಳಿ, ಒಂಬತ್ತು ಅನ್ನುತ್ತೆ, ಯಾಕಂದ್ರೆ ಯೂನಿಕೋಡಿನಲ್ಲಿ ಪ್ರತಿ ವ್ಯಂಜನಕ್ಕೂ ಒಂದು, ನಡುವಿನ ಪ್ರತಿ ಹಲಂತಕ್ಕೂ ಒಂದು ಸಂಕೇತ. ಯುಟಿಎಫ್-8ರಲ್ಲಿ ಅಂಥ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಹಾಗಾಗಿ ಡಿಸ್ಕಿನಲ್ಲಿ ಅಮ್ಮ 27 ಬೈಟ್. ಮೂರು, ಒಂಬತ್ತು, ಇಪ್ಪತ್ತೇಳು. ಮೂರೂ ಸರಿಯಾದ ಉತ್ತರವೇ, ಪ್ರಶ್ನೆ ಬೇರೆ ಬೇರೆ. ಈಗ ಯಾರೋ ಹೆಸರಿಗೆ 20 ಬೈಟ್ ಸಾಕು ಅಂತ ಟೇಬಲ್ ಮಾಡಿದಾನೆ ಅಂದುಕೊಳ್ಳಿ. ಇಂಗ್ಲಿಷಿನಲ್ಲಿ ಇಪ್ಪತ್ತು ಅಕ್ಷರ ಧಾರಾಳ. ಬೈಟ್ ಲೆಕ್ಕ ನೋಡಿ ಕತ್ತರಿಸಿದರೆ ಅಮ್ಮ ಲಕ್ಷ್ಮ ಆಗಿ, ಅದರ ಬಾಲದಲ್ಲಿ ಒಡೆದ ಅಕ್ಷರದ ಒಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಕೊಳ್ಳುತ್ತೆ. ಇಂಟರ್‌ವ್ಯೂಗಳಲ್ಲಿ ಸ್ಟ್ರಿಂಗ್ ರಿವರ್ಸ್ ಮಾಡಿ ಅಂತ ಕೇಳ್ತಾರಲ್ಲ, ಅಲ್ಲಿ ಎಲ್ಲರೂ ಬರೆಯೋ ಉತ್ತರಕ್ಕೆ ಅಮ್ಮನನ್ನು ಕೊಟ್ಟರೆ ಮ್ಮಮ್ಷ್ಕಲ ಅಂತ ಬರುತ್ತೆ. ಉಚ್ಚರಿಸಿ ನೋಡೋಣ.

ಪೈಥಾನಿನಲ್ಲಿ ಆಬ್ಜೆಕ್ಟನ್ನು ಜೇಸನ್ ಮಾಡೋ ಫಂಕ್ಷನ್ ಇದೆ. ನೀವು ಬೇಡ ಅಂತ ಹೇಳದೇ ಇದ್ರೆ ಅದು ಆಸ್ಕಿಯಲ್ಲಿಲ್ಲದ ಪ್ರತಿ ಸಂಕೇತವನ್ನೂ ಆರು ಅಕ್ಷರದ ಗುಪ್ತಲಿಪಿ ಮಾಡಿಬಿಡುತ್ತೆ. ಲಕ್ಷ್ಮಮ್ಮನಿಗೆ 54 ಅಕ್ಷರ. ಇನ್ನೊಂದು ತುದಿಯಲ್ಲಿ ಓದೋ ಯಂತ್ರಕ್ಕೆ ತೊಂದರೆ ಇಲ್ಲ, ಅದು ವಾಪಸ್ ಸರಿ ಮಾಡಿಕೊಳ್ಳುತ್ತೆ. ಆದ್ರೆ ರಾತ್ರಿ ಎರಡಕ್ಕೆ ಅದೇ ಲಾಗು ನೋಡ್ತಾ ಯಾರ ಅರ್ಜಿ ಸಿಕ್ಕಿಹಾಕಿಕೊಂಡಿದೆ ಅಂತ ಹುಡುಕೋ ಸಪೋರ್ಟ್ ಹುಡುಗಿ, ಕನ್ನಡ ಓದೋಕೆ ಬಂದರೂ, ಓದೋ ಹಾಗಿಲ್ಲ. ಒಂದು ಆಯ್ಕೆಯನ್ನು ಸುಳ್ಳು ಅಂತ ಬದಲಿಸಿದರೆ ಮುಗೀತು. ಎಷ್ಟು ಪ್ರಾಜೆಕ್ಟಿನಲ್ಲಿ ಬದಲಿಸಿದೀವಿ?

ನಮಗಿದು ಹೊಸ ಪಾಠವೂ ಅಲ್ಲ. ಬರಹ, ನುಡಿ ಕಾಲದ ಫೈಲುಗಳು ನೆನಪಿವೆಯಾ? 1998ರಲ್ಲಿ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸೋದು ಮನೆಮಾತಾಗಿದ್ದು ಅವುಗಳಿಂದ, ಆ ಋಣ ದೊಡ್ಡದು. ಆದ್ರೆ ಆಗಿನ ಫಾಂಟುಗಳಲ್ಲಿ ಕನ್ನಡದ ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂತಿದ್ವು. ಫೈಲಿನಲ್ಲಿ ಇರೋದು ಇಂಗ್ಲಿಷ್ ಸಂಕೇತ, ಫಾಂಟು ಅದಕ್ಕೆ ಕನ್ನಡದ ಮುಖವಾಡ ಹಾಕ್ತಿತ್ತು. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ನುಡಿಯ ಫೈಲು ತೆರೆದರೆ ಕನ್ನಡ ಅನ್ನೋ ಪದ ಹೇಗೆ ಕಾಣುತ್ತೆ ಗೊತ್ತಲ್ಲ: ಮೊದಲು ಇಂಗ್ಲಿಷಿನ ಪಿ, ಆಮೇಲೆ ತಲೆ ಮೇಲೆ ಗೀಟು ಎಳೆದ ಎ, ಅದರ ಪಕ್ಕ ಬ್ರಿಟನ್ನಿನ ಪೌಂಡ್ ಚಿಹ್ನೆ. ಕನ್ನಡದ ನಡುಮಧ್ಯೆ ಪೌಂಡು! ಎಷ್ಟೋ ಮನೆಗಳಲ್ಲಿ ಅಪ್ಪನ ಆತ್ಮಕಥೆ, ತಾತನ ಲೇಖನ ಇವತ್ತಿಗೂ ಹೀಗೆ ಪೌಂಡಾಗಿ ಕೂತಿವೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇತ್ತು. ಸ್ಟ್ರಿಂಗನ್ನು ಪರದೆ ಮೇಲೆ ಕಾಣೋ ಚಿತ್ರ ಅಂತ ತಿಳಿದು, ಓದೋಕೆ ಬೇಕಾದ ಬೀಗದ ಕೈಯನ್ನು ಜೊತೆಗೆ ಇಡದೇ ಹೋದರೆ ಹೀಗಾಗುತ್ತೆ ಅಂತ ಕನ್ನಡದ ಪ್ರೋಗ್ರಾಮರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಕಾಫಿ ಮೆಷಿನ್ ಹತ್ತಿರ ನನಗೆ ಸಿಗೋ ಉತ್ತರಗಳೂ ಗೊತ್ತು.

“ಅಷ್ಟು ಟೈಮ್ ಎಲ್ಲಿದೆ ಗುರು, ಸ್ಪ್ರಿಂಟು ಎರಡೇ ವಾರ.” ಟೈಮು ಹೋಗೇ ಹೋಗುತ್ತೆ. ನಿಮ್ಮ ಹತ್ತು ನಿಮಿಷ ಉಳಿದಿದ್ದಕ್ಕೆ ನಮ್ಮಮ್ಮ ಒಂದು ದಿನ ಕೊಟ್ಟಳು, ಚಿಕ್ಕಪ್ಪ ಮೂರು ತಿಂಗಳು ಕೊಟ್ಟರು. ಅದು ನಿಮ್ಮ ಬರ್ನ್‌ಡೌನ್ ಚಾರ್ಟಿನಲ್ಲಿ ಕಾಣಲ್ಲ, ಅಷ್ಟೇ.

“ಪಠ್ಯ ಅನ್ನೋದು ಎಲ್ಲರಿಗೂ ಅರ್ಥ ಆಗೋ ರೂಪ, ಯುನಿಕ್ಸ್ ನಿಂತಿರೋದೇ ಅದರ ಮೇಲೆ.” ಇದು ಗಟ್ಟಿ ವಾದ, ಇದಕ್ಕೆ ನಾನು ತಲೆಬಾಗ್ತೀನಿ. ಬೆಲ್ ಲ್ಯಾಬ್ಸಿನವರು ಸಣ್ಣ ಸಣ್ಣ ಪ್ರೋಗ್ರಾಮುಗಳ ನಡುವೆ ಪಠ್ಯದ ಸಾಲುಗಳನ್ನು ಹರಿಸಿದ್ದರಿಂದಲೇ ಇವತ್ತಿಗೂ ಐವತ್ತು ವರ್ಷದ ಹಳೇ ಗ್ರೆಪ್ ನನ್ನ ಹೊಟ್ಟೆ ಹೊರೀತಿದೆ. ಪಠ್ಯ ಬಾಳಿಕೆ ಬರುತ್ತೆ, ಕಣ್ಣಿಗೆ ಕಾಣುತ್ತೆ, ನಾಳೆ ಕಂಪನಿ ಮುಚ್ಚಿದರೂ ಓದಬಹುದು. ಆದ್ರೆ ಅಲ್ಲಿ ಒಂದು ಸಾಲಿನಲ್ಲಿ ಯಾವುದರ ಮುಂದೆ ಯಾವುದು, ನಡುವೆ ಏನು ಅಂತ ಕೂತು ಒಪ್ಪಂದ ಮಾಡಿಕೊಂಡಿರ್ತಾರೆ. ಜೇಸನ್ ಕೂಡ ಒಂದು ಒಪ್ಪಂದವೇ. ಟೂಸ್ಟ್ರಿಂಗ್ ಯಾರಿಗೂ ಕೊಟ್ಟ ಮಾತಲ್ಲ, ಪಕ್ಕದಲ್ಲಿರೋರಿಗೆ ಆಡಿದ ಮಾತು. ಆಡಿದ ಮಾತನ್ನು ಕರಾರುಪತ್ರ ಅಂತ ತಿಳಿದು ಅದರ ಮೇಲೆ ವರದಿ ಕಟ್ಟಿದವರಿಗೇ 5,60,040 ರೂಪಾಯಿ ರಿಯಾಯಿತಿ ಸಿಕ್ಕಿದ್ದು.

“ಕನ್ನಡ ಯೂಸರ್ಸ್ ಎಷ್ಟು ಪರ್ಸೆಂಟ್ ಇದಾರೆ?” ಮೊದಲನೆಯದಾಗಿ, ಅಮ್ಮನಿಗೆ ಬಂದ ಮೆಸೇಜು ಇಂಗ್ಲಿಷಿನದು. ಎರಡನೆಯದಾಗಿ, ಅವರಿಗೆ ಕೆಲಸ ಮಾಡದ್ದನ್ನು ಕೊಟ್ಟು, ಅವರು ಬಳಸ್ತಿಲ್ಲ ಅಂತ ಪರ್ಸೆಂಟೇಜು ತೆಗೆಯೋದು ಬಾಗಿಲು ಹಾಕಿಕೊಂಡು ನೆಂಟರೇ ಬರ್ತಿಲ್ಲ ಅಂದ ಹಾಗೆ.

ಹಾಗಾದ್ರೆ ಏನು ಮಾಡಬೇಕು? ನಾನು ದೊಡ್ಡದೇನೂ ಕೇಳ್ತಿಲ್ಲ. ಕೋಡ್ ರಿವ್ಯೂ ಮಾಡೋವಾಗ ವಸ್ತುವೊಂದು ಸ್ಟ್ರಿಂಗ್ ಆಗೋ ಸಾಲು ಕಂಡರೆ ನಾಲ್ಕು ಪ್ರಶ್ನೆ ಕೇಳಿ. ಇದನ್ನು ಓದೋರು ಯಾರು: ಗ್ರಾಹಕರಾ, ಡೆವಲಪರಾ, ಯಂತ್ರಾನಾ? ಯಾರಾದ್ರೂ ಇದನ್ನು ವಾಪಸ್ ಬಗೆದು ವಸ್ತು ಮಾಡೋಕೆ ಹೊರಟಿದಾರಾ? ಹಾಗಿದ್ರೆ ಅವರಿಗೆ ಹೆಸರಿಟ್ಟ ಫೀಲ್ಡುಗಳ ಸರಿಯಾದ ರೂಪ ಕೊಡಿ. ಇದರಲ್ಲಿ ಹೇಳಬಾರದ್ದು ಏನಾದ್ರೂ ಇದೆಯಾ? ಮತ್ತೆ, ಇವರೂ ಅವರೂ ಒಬ್ಬರೇನಾ ಅನ್ನೋ ತೀರ್ಮಾನವನ್ನು ಅಕ್ಷರ ಹೋಲಿಸಿ ಮಾಡ್ತಿದೀವಾ? ಹೆಸರಿಗೆ ಒಂದೇ ಡಬ್ಬಿ ಇಡಿ, ಅವರು ಹೇಗೆ ಬರೀತಾರೋ ಹಾಗೇ ಇಟ್ಟುಕೊಳ್ಳಿ. ಗುರುತಿಗೆ ಬೇರೆ ಐಡಿ ಇರಲಿ. ಟೆಸ್ಟ್ ಡೇಟಾದಲ್ಲಿ ಜಾನ್ ಡೋ ಜೊತೆ ಒಬ್ಬ ಲಕ್ಷ್ಮಮ್ಮನೂ ಇರಲಿ. ಬಾಡಿಗೆ ಕೇಳಲ್ಲ ಅವರು.

ಕೊನೇ ಪ್ರಶ್ನೆ ಯಾಕೆ ಅಂದ್ರೆ, ಅಮ್ಮನ ಅರ್ಜಿ ಕೊನೆಗೂ ಒಂದು ಕಡೆ ನಿಂತಿತು. ಮೆಸೇಜು ಬಂದಾಗ ಯಾವ ಆಬ್ಜೆಕ್ಷನ್ನೂ ಇರಲಿಲ್ಲ, ಅದಾಗಿ ಒಂದು ತಿಂಗಳಿಗೆ ನಿಜವಾಗಿಯೂ ಬಂತು. ಹೆಸರು ಹೊಂದಿಕೆ ಆಗ್ತಿಲ್ಲ. ಅಪ್ಪ ಆ ಪಾಲಿಸಿ ಮಾಡಿಸಿದಾಗ ಏಜೆಂಟರು ಇಂಗ್ಲಿಷಿನಲ್ಲಿ ಎಕ್ಸ್ ಹಾಕಿ ಬರೆದಿದ್ರು. ಈಗಿನ ಗುರುತಿನ ಚೀಟಿಯಲ್ಲಿ ಕೆ, ಎಸ್, ಎಚ್. ಕಂಪ್ಯೂಟರು ಅಕ್ಷರಕ್ಕೆ ಅಕ್ಷರ ಇಟ್ಟು ನೋಡಿ ಇಬ್ಬರೂ ಬೇರೆ ಅಂತ ತೀರ್ಪು ಕೊಟ್ಟಿತ್ತು. ಕೌಂಟರಿನಲ್ಲಿದ್ದ ಅದೇ ಹುಡುಗನಿಗೆ ಅಮ್ಮನ ಮುಖ ಅಷ್ಟೊತ್ತಿಗೆ ಚೆನ್ನಾಗಿ ಗೊತ್ತಿತ್ತು. “ನನಗೆ ಗೊತ್ತು ಮೇಡಂ, ಸಿಸ್ಟಮ್ ತಗೊಳ್ಳಲ್ಲ” ಅಂದ. ಅವನದೇನೂ ತಪ್ಪಿಲ್ಲ. ಇಬ್ಬರೂ ಒಬ್ಬರೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ತನ್ನಿ ಅಂದ.

ನೋಟರಿ ವಯಸ್ಸಾದವರು. ಇಂಗ್ಲಿಷಿನಲ್ಲಿ ಟೈಪಾಗಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಬೇಕು ಅನ್ನೋ ಪದ್ಧತಿಯನ್ನು ಇನ್ನೂ ಬಿಟ್ಟಿರಲಿಲ್ಲ. ಸ್ಟಾಂಪ್ ಪೇಪರನ್ನು ದೂರ ಹಿಡಿದುಕೊಂಡು ಗಂಭೀರವಾಗಿ ಓದಿದ್ರು: “ಲಕ್ಷ್ಮಮ್ಮ ಮತ್ತು ಲಕ್ಷ್ಮಮ್ಮ ಎಂಬ ಹೆಸರಿನವರು ಬೇರೆ ಬೇರೆಯಲ್ಲ, ಇಬ್ಬರೂ ಒಬ್ಬರೇ, ಅದು ನಾನೇ ಎಂದು ಪ್ರಮಾಣ ಮಾಡುತ್ತೇನೆ.” ಓದಿ ಮುಗಿಸಿ ಅವರೇ ಒಂದು ಕ್ಷಣ ಸುಮ್ಮನಾದ್ರು.

ಅಮ್ಮ ಪೆನ್ನು ಕೈಗೆ ತಗೊಂಡು ನನ್ನ ಮುಖ ನೋಡಿದಳು.

“ಯಾವ ಲಕ್ಷ್ಮಮ್ಮ ಸೈನ್ ಮಾಡ್ಬೇಕೇ ಈಗ?”